ಪರದೆಯಲ್ಲಿ ತಿದ್ದಿದ್ದು ದಾಖಲೆಗೆ ತಲುಪಿತೆ?

ಜಮೀನಿನ ಉತಾರದಲ್ಲಿ (ಪಹಣಿಯಲ್ಲಿ) 2.35.00 ಎಂದು ಅಚ್ಚಾಗಿದ್ದರೆ ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಕಡೆಯ ರೈತರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಎಕರೆ, ಮೂವತ್ತೈದು ಗುಂಟೆ, ಸೊನ್ನೆ ಆಣೆ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ರೈತರೊಬ್ಬರು ಸೊಸೈಟಿಗೆ ಬಂದು, "ಸಾಹೇಬ್ರ, ಎರಡ ಎಕರೆ ಮೂವತ್ತೈದ ಗುಂಟೆ ಐತ್ರಿ, ಈ ಸಲ ಗೋವಿನಜೋಳಕ್ಕ ಸಾಲ ಬೇಕ್ರಿ" ಎಂದು ಉತಾರ ಮುಂದಿಟ್ಟರು ಎಂದುಕೊಳ್ಳೋಣ. ಗುಮಾಸ್ತರು ಬೆಳೆಸಾಲದ ಟೇಬಲ್ಲಿನಲ್ಲಿ 2.35 ಎಂದು ಹೊಡೆದು ಮುಂದಿನ ಸೆಲ್ಲಿಗೆ ಹೋಗುತ್ತಾರೆ. ತಂತ್ರಾಂಶ ಬರೆದವರು ಆ ಕಾಲಮ್ಮನ್ನು ಮಾಮೂಲಿ ದಶಮಾಂಶ ಸಂಖ್ಯೆ ಎಂದು ಭಾವಿಸಿದ್ದರೆ ಕಂಪ್ಯೂಟರಿಗೆ ಅದು ಎರಡು ಎಕರೆ ಮತ್ತು ನೂರರಲ್ಲಿ ಮೂವತ್ತೈದು ಭಾಗ. ನಿಜವಾದ ಕ್ಷೇತ್ರ 2.875 ಎಕರೆ. ಎಕರೆಗೆ 40,000 ರೂಪಾಯಿ ಸಾಲ ಎಂದು ಲೆಕ್ಕಕ್ಕೆ ಹಿಡಿದರೆ ಸಿಗಬೇಕಾದದ್ದು 1,15,000, ಪರದೆ ತೋರಿಸುವುದು 94,000. ಇಪ್ಪತ್ತೊಂದು ಸಾವಿರ ರೂಪಾಯಿ ಒಂದೇ ಸೆಲ್ಲಿನಲ್ಲಿ ಕಳೆದುಹೋಗುತ್ತದೆ. ಕೆಂಪು ಗೆರೆಯೂ ಇಲ್ಲ, ತಪ್ಪಾಯಿತೆಂಬ ಸಂದೇಶವೂ ಇಲ್ಲ.

ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ನಾವು ದಿನವಿಡೀ ತಿದ್ದುವ ಟೇಬಲ್ಲಿನ ಸೆಲ್ಲಿಗೂ ಅದರ ಹಿಂದಿರುವ ದತ್ತಾಂಶಕ್ಕೂ ಇರುವ ಸಂಬಂಧ ಎಂಥದ್ದು? ಬರೀ ಅಕ್ಷರ ಬರೆಯುವ ಸೆಲ್ ಆದರೆ ಇದು ಸುಲಭದ ಪ್ರಶ್ನೆ. ಆದರೆ ಎಕರೆ-ಗುಂಟೆ, ಸರ್ವೆ ನಂಬರ್ ಮತ್ತು ಹಿಸ್ಸಾ, ಊರಿನ ಹೆಸರಿನ ಪಟ್ಟಿ, ಹೌದು-ಅಲ್ಲ ಎಂಬ ಗುರುತು, ಕನ್ನಡದ ಹೆಸರು, ಇವೆಲ್ಲಕ್ಕೂ ನಾವೇ ಕಟ್ಟಿಕೊಂಡ ವಿಶೇಷ ಸೆಲ್ಲುಗಳು ಬೇಕಾಗುತ್ತವೆ. ಆಗ ತೋರಿಸುವುದು ಒಂದು, ತಿದ್ದುವುದು ಇನ್ನೊಂದು, ಉಳಿಸುವುದು ಮತ್ತೊಂದು ಆಗುತ್ತದೆ. ಇವು ಮೂರೂ ಬೇರೆ ಬೇರೆ ಎಂದು ಒಪ್ಪಿಕೊಂಡು, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಕಣ್ಣಿಗೆ ಕಾಣುವಂತೆ ಬರೆದ ತಂತ್ರಾಂಶವನ್ನಷ್ಟೇ ನಂಬಬಹುದು ಎನ್ನುವುದು ನನ್ನ ನಿಲುವು. 1979ರಿಂದ ಈಚೆಗೆ ಬಂದ ಪದ್ಧತಿಗಳನ್ನು ಅದೇ ಅಳತೆಗೋಲಿನಿಂದ ನೋಡಿದ್ದೇನೆ.

ಗೊಂದಲದ ಬೇರು ಸ್ಪ್ರೆಡ್‌ಶೀಟಿನಲ್ಲಿದೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಬಂದಾಗ ಸೆಲ್ ಎಂದರೇ ದತ್ತಾಂಶವಾಗಿತ್ತು. ಅದರ ಹಿಂದೆ ಬೇರೆ ಕಡತವಿಲ್ಲ, ಬೇರೆ ನಿಯಮವಿಲ್ಲ, ಬರೆದದ್ದೇ ದಾಖಲೆ. ಅದೇ ವರ್ಷ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ನಾರ್ವೆಯ ಟ್ರಿಗ್ವೆ ರೀನ್‌ಸ್ಕಾಗ್ ಅವರು ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ವಿಂಗಡಣೆಯನ್ನು ಮುಂದಿಟ್ಟರು: ದತ್ತಾಂಶ ಒಂದು ಕಡೆ, ಅದನ್ನು ತೋರಿಸುವ ಪರದೆ ಇನ್ನೊಂದು ಕಡೆ. ಮುಂದೆ ಬಂದ ವ್ಯವಹಾರದ ತಂತ್ರಾಂಶಗಳು ಹೊರಗಿನಿಂದ ಮೊದಲನೆಯದರ ಹಾಗೆ ಕಾಣುತ್ತವೆ, ಒಳಗೆ ಎರಡನೆಯದರ ಹಾಗೆ ನಡೆಯಬೇಕು. ಬಳಸುವವರ ಕಣ್ಣಿಗೆ ಎಲ್ಲವೂ ಎಕ್ಸೆಲ್ಲಿನಂತೆಯೇ ಇರುವುದರಿಂದ, ಬರೆದ ಕೂಡಲೇ ಉಳಿಯಿತು ಎಂದು ಅವರು ನಂಬುವುದು ಸಹಜ.

ಎಕ್ಸೆಲ್ ಕೂಡ ಬರೆದದ್ದನ್ನು ಬರೆದ ಹಾಗೆ ಇಟ್ಟುಕೊಳ್ಳುವುದಿಲ್ಲ. ಸರ್ವೆ ನಂಬರ್ 5, ಹಿಸ್ಸಾ 2 ಇದ್ದರೆ ನಮ್ಮ ಕಡೆ 5/2 ಎಂದು ಬರೆಯುತ್ತಾರೆ. ಎಕ್ಸೆಲ್ಲಿನ ಮಾಮೂಲಿ ಸೆಲ್ಲಿನಲ್ಲಿ ಹಾಗೆ ಹೊಡೆದು ಎಂಟರ್ ಒತ್ತಿದರೆ ಅದು ತಾರೀಖಾಗಿ ಕೂರುತ್ತದೆ. ಕಂಪ್ಯೂಟರಿನ ದೇಶ-ಭಾಷೆಯ ಹೊಂದಾಣಿಕೆಗೆ ತಕ್ಕಂತೆ ಫೆಬ್ರವರಿ 5 ಆಗಬಹುದು, ಮೇ 2 ಆಗಬಹುದು. ಆಮೇಲೆ ಸೆಲ್ಲನ್ನು ಪಠ್ಯ ಎಂದು ಬದಲಾಯಿಸಿದರೂ ಹಿಸ್ಸಾ ಮರಳುವುದಿಲ್ಲ, ತಾರೀಖಿನ ಹಿಂದಿರುವ ಐದಂಕಿಯ ಕ್ರಮಸಂಖ್ಯೆ ಮೇಲೆ ಬರುತ್ತದೆ. 45/2 ಮಾತ್ರ ಬಚಾವಾಗುತ್ತದೆ, ಏಕೆಂದರೆ 45ನೇ ತಾರೀಖೂ ಇಲ್ಲ, 45ನೇ ತಿಂಗಳೂ ಇಲ್ಲ. ಹೀಗಾಗಿ ಒಂದೇ ಪಟ್ಟಿಯಲ್ಲಿ ಕೆಲವು ಸಾಲು ಕೆಟ್ಟು ಕೆಲವು ಸರಿಯಾಗಿ ಉಳಿಯುತ್ತವೆ. ಪೂರ್ತಿ ಕೆಟ್ಟಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಈ ಕಾಟ ನಮ್ಮ ಹಿಸ್ಸಾಗಳಿಗೆ ಮಾತ್ರ ಇರಲಿಲ್ಲ. ಮಾನವ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಹೆಸರನ್ನು ಹೋಲುತ್ತಿದ್ದ ಜೀನುಗಳ ಸಂಕೇತಗಳನ್ನೇ ಬದಲಾಯಿಸಿದ್ದನ್ನು 2020ರಲ್ಲಿ ಪ್ರಕಟಿಸಿತು. ಎಕ್ಸೆಲ್ ಅವನ್ನು ತಾರೀಖು ಮಾಡುತ್ತಿದ್ದದ್ದೇ ಮುಖ್ಯ ಕಾರಣ. ಆಗ ತಂತ್ರಾಂಶ ಬಗ್ಗಲಿಲ್ಲ, ವಿಜ್ಞಾನವೇ ಬಗ್ಗಬೇಕಾಯಿತು.

ಕರ್ನಾಟಕದಲ್ಲಿ ಈ ಪ್ರಶ್ನೆ ಅತಿ ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ಭೂಮಿ ಯೋಜನೆಯಲ್ಲಿ. ರಾಜ್ಯದ ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸೇರಿ 2000ದ ಸುಮಾರಿಗೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ತಾಲ್ಲೂಕು ಕಚೇರಿಗಳ ಯಂತ್ರಗಳೊಳಗೆ ಬಂದವು. 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲಿ ಉತಾರ ಸಿಗುವಂತಾಯಿತು. ಜನ ನೆನಪಿಟ್ಟುಕೊಂಡದ್ದು ಆ ಕೌಂಟರನ್ನು. ತಂತ್ರಾಂಶದವರು ಗಮನಿಸಬೇಕಾದದ್ದು ಅದರ ಹಿಂದಿನ ಕಟ್ಟುನಿಟ್ಟನ್ನು.

ಉತಾರ ಎಂದರೆ ಒಂದು ಟೇಬಲ್ಲೇ. 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು ಮತ್ತು ಕ್ಷೇತ್ರ, 10ರಲ್ಲಿ ಆ ಹಕ್ಕು ಬಂದ ಬಗೆ, 11ರಲ್ಲಿ ಬೋಜಾ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ ಮತ್ತು ಬೆಳೆ. ಆದರೆ 9ನೇ ಕಾಲಮ್ಮಿನ ಸೆಲ್ಲಿನ ಮೇಲೆ ಕರ್ಸರ್ ಇಟ್ಟು ಹೆಸರು ಬದಲಾಯಿಸಿ ಎಂಟರ್ ಒತ್ತುವ ಪದ್ಧತಿ ಅಲ್ಲಿಲ್ಲ. ವಾಟ್ನಿ (ಪಾಲುವಾರಿಕೆ) ಇರಲಿ, ವಾರಸಾ ಇರಲಿ, ಖರೀದಿ ಇರಲಿ, ಮೊದಲು ಅರ್ಜಿ ದಾಖಲಾಗಬೇಕಿತ್ತು, ನೋಟೀಸು ಹೊರಡಬೇಕಿತ್ತು, ತಕರಾರಿಗೆ 30 ದಿನ ಕಾಯಬೇಕಿತ್ತು, ಅಧಿಕಾರಿಯ ಆದೇಶವಾಗಬೇಕಿತ್ತು. ಹಕ್ಕು ಬದಲಾವಣೆಯ ಡೈರಿ ನಂಬರಿನೊಂದಿಗೇ ಹೊಸ ಹೆಸರು ಕೂರುತ್ತದೆ. ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶವನ್ನು ಕಟ್ಟಿದ್ದರು. ತಿದ್ದುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಉಪನೋಂದಣಿ ಕಚೇರಿಯಲ್ಲಿ ಖರೀದಿಪತ್ರ ಆದರೆ ಕಾವೇರಿ ತಂತ್ರಾಂಶದಿಂದ ಜೆ-ಸ್ಲಿಪ್ ಎಂಬ ಸೂಚನೆ ಭೂಮಿಗೆ ಬರುತ್ತಿತ್ತು, ಆದರೂ ಅದು ನೇರವಾಗಿ 9ನೇ ಕಾಲಮ್ಮನ್ನು ಮುಟ್ಟುತ್ತಿರಲಿಲ್ಲ.

ಈ ಕಟ್ಟುನಿಟ್ಟು ಕಂಪ್ಯೂಟರಿನವರ ಆವಿಷ್ಕಾರ ಅಲ್ಲ. 1956ಕ್ಕಿಂತ ಮೊದಲು ಮುಂಬಯಿ ಪ್ರಾಂತ್ಯದಲ್ಲಿದ್ದ ಬೆಳಗಾವಿ ಜಿಲ್ಲೆಯಲ್ಲಿ ತಲಾಠಿಗಳ ಕೈಬರಹದ ಉತಾರಗಳಲ್ಲೂ ಹಳೆಯ ಹೆಸರನ್ನು ಅಳಿಸಿ ಹೊಸದು ಬರೆಯುತ್ತಿರಲಿಲ್ಲ. ಹಳೆಯದಕ್ಕೆ ಕಂಸ ಹಾಕಿ, ಹೊಸದನ್ನು ಬರೆದು, ಡೈರಿ ನಂಬರ್ ನಮೂದಿಸುತ್ತಿದ್ದರು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಹಕ್ಕುದಾಖಲೆಯ ನಮೂದನ್ನು, ತಪ್ಪೆಂದು ಸಾಬೀತಾಗುವ ತನಕ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವ ತನಕ, ನಿಜವೆಂದೇ ಭಾವಿಸಬೇಕು. ಒಂದು ಸೆಲ್ಲಿಗೆ ಇಷ್ಟು ಬಲ ಇರುವಾಗ ಅದನ್ನು ಬದಲಾಯಿಸುವ ದಾರಿಯೂ ಅಷ್ಟೇ ಗಟ್ಟಿಯಾಗಿರಬೇಕು. ನನ್ನ ಮಟ್ಟಿಗೆ ತಿದ್ದುವ ಸೆಲ್ಲಿನ ವಿಷಯದಲ್ಲಿ ನಮ್ಮ ನೆಲದ ಅತ್ಯುತ್ತಮ ಪಾಠ ಇದೇ, ಮತ್ತು ಅದು ಯಾವ ಪ್ರೋಗ್ರಾಮಿಂಗ್ ಪುಸ್ತಕಕ್ಕಿಂತಲೂ ಹಳೆಯದು.

ಎಲ್ಲ ಟೇಬಲ್ಲಿಗೂ 30 ದಿನದ ನೋಟೀಸು ಬೇಡ, ನಿಜ. ಸೊಸೈಟಿಯ ಗೊಬ್ಬರದ ಪಟ್ಟಿಗೆ, ಅಡತಿ ಅಂಗಡಿಯ ತೂಕದ ಚೀಟಿಗೆ ಚುರುಕುತನವೇ ಮುಖ್ಯ. ಅಲ್ಲಿ ಸೆಲ್ಲಿನಲ್ಲೇ ತಿದ್ದುವ ಸೌಕರ್ಯ ಬೇಕೇ ಬೇಕು. ಅದನ್ನು ಒದಗಿಸಿದ ಪರಿಕರಗಳ ಕಡೆ ಈಗ ಬರುತ್ತೇನೆ.

1998ರ ವಿಷುಯಲ್ ಬೇಸಿಕ್ 6 ನಮ್ಮ ಊರುಗಳ ಸಣ್ಣ ವ್ಯವಹಾರಗಳ ತಂತ್ರಾಂಶಕ್ಕೆ ಬಹುಕಾಲ ಆಧಾರವಾಗಿತ್ತು. ಅದರ ಜನಪ್ರಿಯ ಫ್ಲೆಕ್ಸ್‌ಗ್ರಿಡ್ ನೋಡುವುದಕ್ಕೆ ಮಾತ್ರ, ಅದರಲ್ಲಿ ಬರೆಯುವಂತಿರಲಿಲ್ಲ. ಬರೆಸಬೇಕೆಂದರೆ ಒಂದು ಟೆಕ್ಸ್ಟ್‌ಬಾಕ್ಸನ್ನು ಸರಿಯಾಗಿ ಆ ಸೆಲ್ಲಿನ ಮೇಲೆ ತಂದು ಕೂರಿಸಿ, ಬರೆದಾದ ಮೇಲೆ ಅದರ ಪಠ್ಯವನ್ನು ಗ್ರಿಡ್ಡಿಗೆ ನಕಲು ಮಾಡಿ, ಪೆಟ್ಟಿಗೆಯನ್ನು ಮರೆಮಾಡಬೇಕಿತ್ತು. ಎಷ್ಟೋ ಪ್ರೋಗ್ರಾಮುಗಳಲ್ಲಿ ಕಥೆ ಅಲ್ಲಿಗೇ ನಿಲ್ಲುತ್ತಿತ್ತು: ಗ್ರಿಡ್ಡಿನ ಪಠ್ಯವೇ ದತ್ತಾಂಶ, 'ಸೇವ್' ಒತ್ತಿದಾಗ ಡೇಟಾಬೇಸಿನ ಹಳೆಯ ಸಾಲುಗಳನ್ನೆಲ್ಲ ಅಳಿಸಿ ಪರದೆಯಲ್ಲಿರುವುದನ್ನು ಮತ್ತೆ ತುಂಬುವುದು. ನಡುವೆ ಕರೆಂಟು ಹೋದರೆ? ನಮ್ಮ ಕಡೆ ಅದು ಊಹೆಯ ಪ್ರಶ್ನೆ ಅಲ್ಲ.

ಇದಕ್ಕೆ ಎದುರಾದ ಇನ್ನೊಂದು ತುದಿ ನೇರ ಜೋಡಣೆ. 1995ರಲ್ಲಿ ಬಂದ ಡೆಲ್ಫಿಯ ಡಿಬಿಗ್ರಿಡ್‌ನಲ್ಲಿ ಟೇಬಲ್ಲಿನ ಸಾಲು ಡೇಟಾಬೇಸಿನ ಸಾಲಿಗೇ ಕಟ್ಟಿಕೊಂಡಿರುತ್ತದೆ. ಒಂದು ಸಾಲು ಬಿಟ್ಟು ಇನ್ನೊಂದಕ್ಕೆ ಹೋದರೆ ಬದಲಾವಣೆ ತಾನೇ ಒಳಗೆ ಹೋಗುತ್ತದೆ. ಬರೆಯುವುದು ಕಡಿಮೆ, ಕೆಲಸ ಬೇಗ. ಆದರೆ ಸೆಲ್ಲಿಗೂ ಡೇಟಾಬೇಸಿಗೂ ನಡುವೆ ವ್ಯವಹಾರದ ನಿಯಮಕ್ಕೆ ಜಾಗ ಮಾಡಿಕೊಡುವುದು ಪ್ರೋಗ್ರಾಮರರ ಶಿಸ್ತಿಗೆ ಬಿಟ್ಟದ್ದು. ಶಿಸ್ತು ತಪ್ಪಿದರೆ ಮೊದಲು ಹೇಳಿದ 2.35 ಸಲೀಸಾಗಿ ಒಳಗೆ ನುಗ್ಗುತ್ತದೆ.

ಮೂರನೆಯ ದಾರಿ ರೀನ್‌ಸ್ಕಾಗ್ ಅವರ ವಿಂಗಡಣೆಯದು. ಜಾವಾದ ಸ್ವಿಂಗ್ 1998ರಲ್ಲಿ ಅದನ್ನು ಸ್ಪಷ್ಟವಾಗಿ ಬೇರ್ಪಡಿಸಿತು: ಟೇಬಲ್ ಮಾಡೆಲ್ ಸೆಲ್ಲಿನ ಬೆಲೆಯನ್ನು (ಮೌಲ್ಯವನ್ನು) ಇಟ್ಟುಕೊಳ್ಳುತ್ತದೆ, ರೆಂಡರರ್ ಅದನ್ನು ಬಿಡಿಸುತ್ತದೆ, ಎಡಿಟರ್ ತಿದ್ದಿಸುತ್ತದೆ. ರೆಂಡರರ್ ಒಂದೇ ಇರುತ್ತದೆ. ತಲಾಠಿಗಳ ಕೈಯಲ್ಲಿನ ರಬ್ಬರ್ ಮೊಹರಿನಂತೆ ಒಂದೊಂದು ಸೆಲ್ಲಿಗೂ ಆ ಸೆಲ್ಲಿನ ಬೆಲೆಯೊಂದಿಗೆ ಒತ್ತಿ ಮುಂದೆ ಹೋಗುತ್ತದೆ. ತಿದ್ದುವುದು ಮುಗಿದಾಗ ಟೇಬಲ್ ಎಡಿಟರಿನಿಂದ ಬೆಲೆ ಕೇಳಿ ತೆಗೆದುಕೊಂಡು ಮಾಡೆಲ್ಲಿಗೆ ಕೊಡುತ್ತದೆ. ಮಾಡೆಲ್ ಒಪ್ಪಿಕೊಂಡರೆ 'ಈ ಸೆಲ್ ಬದಲಾಯಿತು' ಎಂದು ಸಾರಬೇಕು. ಹೊಸಬರು ಎಡವುವುದು ಇಲ್ಲೇ. ಸ್ವಿಂಗಿನ ಅಮೂರ್ತ ಮಾಡೆಲ್ಲಿನಲ್ಲಿ ಬೆಲೆ ಕೂರಿಸುವ ವಿಧಾನ ಮೂಲದಲ್ಲಿ ಖಾಲಿಯಾಗಿದೆ. ಅದನ್ನು ನಾವು ಬರೆಯದಿದ್ದರೆ ಸೆಲ್ಲಿನಲ್ಲಿ ಹೊಸ ಅಂಕಿ ಹೊಡೆದು ಎಂಟರ್ ಒತ್ತಿದ ಕೂಡಲೇ ಹಳೆಯ ಅಂಕಿ ಮರಳಿ ಬರುತ್ತದೆ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ. ದತ್ತಾಂಶ ಬದಲಾಗಿಲ್ಲ ಎನ್ನುವ ಸತ್ಯವನ್ನು ಪರದೆ ಕೂಡಲೇ ಹೇಳುತ್ತದೆ.

2005ರ ಕ್ಯೂಟ್ 4 ಎಂಬ ಪರಿಕರ ಇದೇ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದೆ ತಂದಿತು. ಒಂದೇ ಸೆಲ್ಲಿಗೆ ಮಾಡೆಲ್ ಬೇರೆ ಬೇರೆ ಪಾತ್ರದಲ್ಲಿ ಉತ್ತರಿಸುತ್ತದೆ: ತೋರಿಸಲು ಕೇಳಿದರೆ ಒಂದು, ತಿದ್ದಲು ಕೇಳಿದರೆ ಇನ್ನೊಂದು. ಎಕರೆ-ಗುಂಟೆಗೆ ಇದು ಹೇಳಿ ಮಾಡಿಸಿದಂತಿದೆ. ಡೇಟಾಬೇಸಿನಲ್ಲಿ ಎಲ್ಲವನ್ನೂ ಆಣೆಯಲ್ಲಿ ಪೂರ್ಣಾಂಕವಾಗಿ ಇಡುವುದು ಸರಿ. ಎಕರೆಗೆ 640 ಆಣೆ. 2 ಎಕರೆ 35 ಗುಂಟೆ ಎಂದರೆ 1840. ತೋರಿಸುವಾಗ 2.35.00. ತಿದ್ದುವಾಗ ಎಕರೆ, ಗುಂಟೆ, ಆಣೆಗೆ ಮೂರು ಪುಟ್ಟ ಪೆಟ್ಟಿಗೆ. ಗುಂಟೆಯದು 39 ದಾಟುವಂತಿಲ್ಲ, ಆಣೆಯದು 15 ದಾಟುವಂತಿಲ್ಲ. ಹೀಗಿದ್ದರೆ 2.35ಕ್ಕೆ 1.10 ಕೂಡಿಸಿದಾಗ 3.45 ಎಂಬ ಅಸಾಧ್ಯ ಉತ್ತರ ಬರದೆ 4.05 ಬರುತ್ತದೆ. ಇನ್ನೊಂದು ತೊಡಕೂ ತಪ್ಪುತ್ತದೆ. ದಶಮಾಂಶ ಸೆಲ್ಲು 2.30ರ ಕೊನೆಯ ಸೊನ್ನೆಯನ್ನು ಉದುರಿಸಿ 2.3 ಎಂದು ತೋರಿಸುತ್ತದೆ. ಅದನ್ನು ಯಾರಾದರೂ ಎರಡು ಎಕರೆ ಮೂರು ಗುಂಟೆ ಎಂದು ಓದಿದರೆ 27 ಗುಂಟೆ ಹೋಯಿತು. ವಾಟ್ನಿಯಾಗಿ ಹಿಸ್ಸಾ ಚಿಕ್ಕದಾದಷ್ಟೂ ಗುಂಟೆಯ ಬೆಲೆ ಏರುತ್ತದೆ. ಒಂದು ಎಕರೆಯೂ ಇಲ್ಲದ ಮನೆಗೆ 27 ಗುಂಟೆ ಎಂದರೆ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಭೂಮಿ.

ಆ ಮೂರು ಪೆಟ್ಟಿಗೆಯ ಎಡಿಟರ್ ಕಟ್ಟಲು ಕೂತಾಗಲೇ ಈ ವಿಷಯದ ನಿಜವಾದ ಕಷ್ಟ ಗೊತ್ತಾಗುವುದು. ಕ್ಯೂಟಿನಲ್ಲಿ ಸೆಲ್ಲನ್ನು ಬಿಡಿಸುವ, ತಿದ್ದಿಸುವ ಕೆಲಸದ ಸಿದ್ಧ ಡೆಲಿಗೇಟ್, ಎಡಿಟರಿನಿಂದ ಫೋಕಸ್ ಹೊರಗೆ ಹೋದರೆ ಬೆಲೆಯನ್ನು ಮಾಡೆಲ್ಲಿಗೆ ಒಪ್ಪಿಸುತ್ತದೆ. ಆದರೆ ಅದು ಕಾಯುವುದು ಹೊರಗಿನ ಚೌಕಟ್ಟನ್ನು. ಒಳಗಿನ ಆಣೆಯ ಪೆಟ್ಟಿಗೆಯಿಂದ ಫೋಕಸ್ ಹೊರಗೆ ಜಾರಿದರೆ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ. ನಾವೇ ಗಮನಿಸಿ 'ಒಪ್ಪಿಸು' ಎಂಬ ಸಂಕೇತ ಕಳಿಸಬೇಕು. ಮರೆತರೆ ಗುಮಾಸ್ತರು ಹೊಡೆದ ಕೊನೆಯ ಸೆಲ್ ಎಲ್ಲಿಗೂ ತಲುಪುವುದಿಲ್ಲ.

ಈ 'ಕೊನೆಯ ಸೆಲ್' ಎಂಬುದು ಎಲ್ಲ ಪರಿಕರಗಳಲ್ಲೂ ಇರುವ ಒಂದೇ ರೋಗ, ಹೆಸರು ಮಾತ್ರ ಬೇರೆ. ಸ್ವಿಂಗಿನಲ್ಲಿ ಸೆಲ್ ಇನ್ನೂ ತೆರೆದಿರುವಾಗಲೇ 'ಸೇವ್' ಗುಂಡಿ ಒತ್ತಿದರೆ ತೆರೆದ ಎಡಿಟರಿನ ಬೆಲೆ ಮಾಡೆಲ್ಲಿಗೆ ಬಂದಿರುವುದಿಲ್ಲ. ಫೋಕಸ್ ಹೋದಾಗ ತಿದ್ದುಪಡಿ ಮುಗಿಸು ಎಂದು ಟೇಬಲ್ಲಿಗೆ ಬೇರೆಯಾಗಿ ಹೇಳಬೇಕು. ಮೈಕ್ರೋಸಾಫ್ಟಿನ ಡಬ್ಲ್ಯುಪಿಎಫ್‌ನಲ್ಲಿ ಟೆಕ್ಸ್ಟ್‌ಬಾಕ್ಸಿನ ಪಠ್ಯ ಮೂಲಕ್ಕೆ ಹೋಗುವುದು ಫೋಕಸ್ ತಪ್ಪಿದಾಗ. ಆದರೆ ಟೂಲ್‌ಬಾರಿನ ಗುಂಡಿಗೆ ತನ್ನದೇ ಫೋಕಸ್ ವಲಯ ಇರುವುದರಿಂದ ಅದನ್ನು ಒತ್ತಿದಾಗ ಪೆಟ್ಟಿಗೆಯ ಫೋಕಸ್ ತಪ್ಪಿತೆಂದು, ಪೆಟ್ಟಿಗೆಯನ್ನು ಮೂಲಕ್ಕೆ ಕಟ್ಟಿದ ಬೈಂಡಿಂಗಿಗೆ ಅನ್ನಿಸುವುದೇ ಇಲ್ಲ. ಜಾವಾಎಫ್‌ಎಕ್ಸ್‌ನ ಸಿದ್ಧ ಪಠ್ಯ-ಸೆಲ್ ಎಂಟರ್ ಒತ್ತಿದರೆ ಮಾತ್ರ ಒಪ್ಪಿಸುತ್ತಿತ್ತು. ಬರೆದು ಪಕ್ಕದ ಸೆಲ್ಲಿನ ಮೇಲೆ ಮೌಸ್ ಒತ್ತಿದರೆ ಬರೆದದ್ದು ರದ್ದು. ವಿಂಡೋಸ್ ಫಾರ್ಮ್ಸ್‌ನ ಡೇಟಾಗ್ರಿಡ್‌ವ್ಯೂನಲ್ಲಿ ಟಿಕ್ ಹಾಕಿದ ಚೆಕ್‌ಬಾಕ್ಸ್ ಕಣ್ಣಿಗೆ ಟಿಕ್ ಆಗಿ ಕಂಡರೂ ಆ ಸೆಲ್ ಬಿಟ್ಟು ಹೋಗುವ ತನಕ ಬೆಲೆ ಬದಲಾಗುವುದಿಲ್ಲ. ಸೆಲ್ 'ಕೊಳಕಾಯಿತು' ಎಂಬ ಘಟನೆಯನ್ನು ಹಿಡಿದು ನಾವೇ ಕಮಿಟ್ ಮಾಡಿಸಬೇಕು.

ಇಪ್ಪತ್ತು ರೈತರ ಪಟ್ಟಿ ತುಂಬಿ 'ಸೇವ್' ಒತ್ತಿದಾಗ ಹತ್ತೊಂಬತ್ತು ಉಳಿದು ಇಪ್ಪತ್ತನೆಯದು ಹೋಗುವುದಕ್ಕೆ ಕಾರಣ ಇದೇ. ಹೋದದ್ದು ಯಾವಾಗಲೂ ಕೊನೆಯ ಹೆಸರಿನ ಅಂಕಿಯಾದ್ದರಿಂದ ಗುಮಾಸ್ತರು ತಮ್ಮ ಕೈತಪ್ಪು ಎಂದೇ ತಿಳಿಯುತ್ತಾರೆ. ಅವರ ಮೇಲೆ ಆ ಹೊರೆ ಹೊರಿಸುವುದು ಅನ್ಯಾಯ. ಎಂಟರ್, ಟ್ಯಾಬ್, ಮೌಸ್, 'ಸೇವ್', ಕಿಟಕಿ ಮುಚ್ಚುವುದು, ಹೀಗೆ ಸೆಲ್ಲಿನಿಂದ ಹೊರಬರುವ ಪ್ರತಿಯೊಂದು ದಾರಿಯಲ್ಲೂ ಬೆಲೆ ಮಾಡೆಲ್ಲಿಗೆ ಸೇರಬೇಕು. ಎಸ್ಕೇಪ್ ಒಂದೇ ರದ್ದತಿಯ ದಾರಿ. ಡಬ್ಲ್ಯುಪಿಎಫ್‌ನಲ್ಲಿ ನಾವೇ ಕಟ್ಟಿದ ಟೆಂಪ್ಲೇಟ್ ಕಾಲಮ್ಮುಗಳಿಗೆ ಎಸ್ಕೇಪ್ ಕೂಡ ತಾನಾಗಿ ಕೆಲಸ ಮಾಡುವುದಿಲ್ಲ ಎನ್ನುವುದನ್ನೂ ಸೇರಿಸಬೇಕು. ಬೆಲೆ ಆಗಲೇ ವಸ್ತುವಿಗೆ ಹೋಗಿಬಿಟ್ಟಿದ್ದರೆ, ತಿದ್ದುವ ಮೊದಲಿನ ಪ್ರತಿಯನ್ನು ಎತ್ತಿಟ್ಟು ರದ್ದಾದಾಗ ಮರಳಿಸುವ ಏರ್ಪಾಡನ್ನು ಸಾಲಿನ ವಸ್ತುವೇ ಮಾಡಿಕೊಳ್ಳಬೇಕು.

ಎರಡನೆಯ ಸಾಮಾನ್ಯ ದೋಷ ಸೆಲ್ಲುಗಳ ಮರುಬಳಕೆಯಿಂದ ಬರುವುದು. ಸಾವಿರ ಸಾಲಿನ ಪಟ್ಟಿಯಲ್ಲಿ ಪರದೆಗೆ ಕಾಣುವುದು ಮೂವತ್ತು ಸಾಲು ಮಾತ್ರ. ಜಾವಾಎಫ್‌ಎಕ್ಸ್ ಮತ್ತು ಡಬ್ಲ್ಯುಪಿಎಫ್ ಅಷ್ಟನ್ನೇ ಸೃಷ್ಟಿಸಿ, ಸ್ಕ್ರೋಲ್ ಮಾಡಿದಂತೆ ಮೇಲೆ ಮರೆಯಾದ ಸೆಲ್ಲನ್ನೇ ಕೆಳಗೆ ತಂದು ಬೇರೆ ಸಾಲಿಗೆ ಹಚ್ಚುತ್ತವೆ. ಯಾರಾದರೂ 'ಸಾಲ ತೀರಿದೆ' ಎಂಬ ಟಿಕ್ಕನ್ನು ದತ್ತಾಂಶದಲ್ಲಿ ಇಡದೆ ಸೆಲ್ಲಿನೊಳಗಿನ ಚೆಕ್‌ಬಾಕ್ಸಿನಲ್ಲೇ ಬಿಟ್ಟಿದ್ದರೆ, ಮೂರನೆಯ ಸಾಲಿಗೆ ಹಾಕಿದ ಟಿಕ್ ಸ್ಕ್ರೋಲ್ ಮಾಡಿದಾಗ ಮೂವತ್ತೈದನೆಯವರ ಹೆಸರಿನ ಮುಂದೆ ಕಾಣಿಸಿಕೊಳ್ಳುತ್ತದೆ. ಪರಿಹಾರ ಸರಳ: ಸೆಲ್ಲಿಗೆ ನೆನಪು ಇರಕೂಡದು. ಹೊಸ ಸಾಲಿಗೆ ಹಚ್ಚಿದಾಗಲೆಲ್ಲ ಅದು ಮೊದಲಿನದನ್ನು ಒರೆಸಿಕೊಂಡು, ಖಾಲಿ ಸಾಲಾದರೆ ಖಾಲಿಯಾಗಿಯೇ ನಿಂತು, ಬೆಲೆಯನ್ನು ಮೂಲದಿಂದ ಹೊಸದಾಗಿ ಕೇಳಬೇಕು.

ಸಾಲಿನ ಗುರುತು ಇನ್ನೊಂದು ವಿಷಯ. ಪಟ್ಟಿಯನ್ನು ಹೆಸರಿನ ಪ್ರಕಾರ ಜೋಡಿಸಿದರೆ ಪರದೆಯ ಐದನೆಯ ಸಾಲು ಮಾಡೆಲ್ಲಿನ ಐದನೆಯ ಸಾಲಲ್ಲ. ಸ್ವಿಂಗಿನಲ್ಲೂ ಕ್ಯೂಟಿನಲ್ಲೂ ಪರದೆಯ ಸಾಲನ್ನು ಮೂಲದ ಸಾಲಿಗೆ ಪರಿವರ್ತಿಸುವ ವಿಧಾನಗಳಿವೆ. ಅವನ್ನು ಬಳಸದೆ ಬರೆದರೆ ಒಬ್ಬರ ಬಾಕಿ ಇನ್ನೊಬ್ಬರ ಖಾತೆಗೆ ಏರುತ್ತದೆ.

ಊರಿನ ಹೆಸರಿನ ಸೆಲ್ಲಿಗೂ ಇದೇ ಮಾತು. ಸವದತ್ತಿ, ಸೌಂದತ್ತಿ ಎರಡೂ ರೂಢಿಯಲ್ಲಿವೆ. ಪಟ್ಟಿಯಿಂದ ಆರಿಸುವ ಸೆಲ್ ಹೆಸರನ್ನು ತೋರಿಸಬೇಕು, ಉಳಿಸುವುದು ಮಾತ್ರ ಊರಿನ ಸಂಕೇತಸಂಖ್ಯೆಯನ್ನು. ಬೈಲಹೊಂಗಲದಿಂದ ಕಿತ್ತೂರು, ಸವದತ್ತಿಯಿಂದ ಯರಗಟ್ಟಿ ಬೇರೆ ತಾಲ್ಲೂಕುಗಳಾದಾಗ ಹಳ್ಳಿಗಳು ಇದ್ದಲ್ಲೇ ಇದ್ದವು, ತಾಲ್ಲೂಕು ಮಾತ್ರ ಬದಲಾಯಿತು. ತಾಲ್ಲೂಕಿನ ಹೆಸರನ್ನು ಪ್ರತಿ ಸಾಲಿನಲ್ಲೂ ಪಠ್ಯವಾಗಿ ಬರೆದಿಟ್ಟವರು ಸಾವಿರಾರು ಸೆಲ್ ತಿದ್ದಬೇಕು. ಸಂಕೇತದಿಂದ ಜೋಡಿಸಿದವರಿಗೆ ಹಳ್ಳಿಗಳ ಪಟ್ಟಿಯಲ್ಲಿ ಹಳ್ಳಿಗೊಂದು ನಮೂದು ಬದಲಾಯಿಸಿದರೆ ಸಾಕು.

ಕನ್ನಡದ ಹೆಸರನ್ನು ತಿದ್ದುವ ಸೆಲ್ಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಹೊರಗಿನ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ನಮ್ಮ ತಂತ್ರಾಂಶಗಳು ಹೆಸರನ್ನು ಫಾಂಟಿನ ಆಕಾರಗಳಾಗಿ ಉಳಿಸುತ್ತಿದ್ದವು. ಸೆಲ್ಲಿಗೆ ಆ ಫಾಂಟ್ ಹಚ್ಚಿದ್ದರೆ ಮಾತ್ರ ಕನ್ನಡ. ತೆಗೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂದರೆ ಕನ್ನಡ ಇದ್ದದ್ದು ರೆಂಡರರಿನಲ್ಲಿ, ದತ್ತಾಂಶದಲ್ಲಿ ಅಲ್ಲ. ಅಕಾರಾದಿಯಾಗಿ ಜೋಡಿಸಲು ಬರುತ್ತಿರಲಿಲ್ಲ, ಬೇರೆ ತಂತ್ರಾಂಶದಿಂದ ಹುಡುಕಲು ಆಗುತ್ತಿರಲಿಲ್ಲ. ತೋರಿಕೆಯನ್ನೇ ದಾಖಲೆ ಎಂದು ನಂಬಿದ್ದಕ್ಕೆ ಒಂದು ಭಾಷೆಯ ಜನ ಒಟ್ಟಾಗಿ ತೆತ್ತ ಬೆಲೆ ಅದು. ಹಳೆಯ ಕಡತಗಳನ್ನು ಪರಿವರ್ತಿಸುವ ಕೆಲಸ ಇನ್ನೂ ಅನೇಕ ಕಡೆ ಬಾಕಿ ಇದೆ.

ಯೂನಿಕೋಡ್ ಬಂದ ಮೇಲೂ ಸೂಕ್ಷ್ಮಗಳು ಉಳಿದಿವೆ. 'ಯಲ್ಲಮ್ಮ' ನಮಗೆ ಮೂರು ಅಕ್ಷರ, ಯೂನಿಕೋಡಿಗೆ ಏಳು ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಡೇಟಾಬೇಸಿನ ಹೆಸರಿನ ಕಾಲಮ್ಮಿಗೆ 20 ಬೈಟ್ ಮಿತಿ ಇಟ್ಟು, ಸೆಲ್ಲಿಗೆ 20 ಅಕ್ಷರದ ಮಿತಿ ಹಾಕಿದವರ ತಂತ್ರಾಂಶದಲ್ಲಿ ನಮ್ಮ ಗುಡ್ಡದ ದೇವಿಯ ಹೆಸರೇ ಪೂರ್ತಿ ಕೂರುವುದಿಲ್ಲ. 'ಬೈಲಹೊಂಗಲ'ದ 'ಹೊ'ವನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ ಊರು. ಅದೇ ಹೆಸರಿನ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಹೊಡೆದರೂ ಪರದೆಯಲ್ಲಿ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಸೆಲ್ಲಿನಿಂದ ಮಾಡೆಲ್ಲಿಗೆ ಹೋಗುವ ದಾರಿಯಲ್ಲಿ ಇವನ್ನೆಲ್ಲ ಒಂದೇ ರೂಪಕ್ಕೆ ತರಬೇಕು. ಅಂಕಿಗಳದೂ ಹಾಗೆಯೇ: ಗುಮಾಸ್ತರು ೩೫ ಎಂದು ಕನ್ನಡದಲ್ಲಿ ಹೊಡೆದರೆ ಜಾವಾ ಅದನ್ನು ಸಂಖ್ಯೆಯಾಗಿ ಓದುತ್ತದೆ, ಸಿ-ಶಾರ್ಪ್ ತಿರಸ್ಕರಿಸುತ್ತದೆ. ಎರಡನೆಯದರಲ್ಲಿ ಕೆಲಸ ಮಾಡುವವರು ಓದುವ ಮುನ್ನ ಅಂಕಿಗಳನ್ನು ಬದಲಾಯಿಸಿಕೊಳ್ಳಬೇಕು.

ಒತ್ತಿದ ಪ್ರತಿ ಕೀಲಿಗೂ ಪರೀಕ್ಷೆ ನಡೆಸುವ ಸೆಲ್ಲುಗಳು ಕನ್ನಡಕ್ಕೆ ಹೊಂದುವುದಿಲ್ಲ. ಒತ್ತಕ್ಷರ ಬರೆಯುವಾಗ ನಡುವೆ ಅರ್ಧಾಕ್ಷರದ ಸ್ಥಿತಿ ಇದ್ದೇ ಇರುತ್ತದೆ. ಆಗಲೇ 'ತಪ್ಪು' ಎಂದು ಕೆಂಪು ಬಣ್ಣ ಹಚ್ಚಿದರೆ, ಅಥವಾ ಬೆಲೆಯನ್ನು ಮೂಲಕ್ಕೆ ಕಳಿಸಿ ಮರಳಿ ತಂದು ಕರ್ಸರನ್ನು ಕುಣಿಸಿದರೆ, ಬರೆಯುವವರ ಲಯವೇ ಕೆಡುತ್ತದೆ. ಹೆಸರಿನ ಸೆಲ್ಲನ್ನು ಬಿಟ್ಟು ಹೊರಡುವಾಗ ಒಮ್ಮೆ ಪರೀಕ್ಷಿಸಿದರೆ ಸಾಕು.

ಬೆಲೆ ಮಾಡೆಲ್ಲಿಗೆ ಬಂದ ಮೇಲೆ ಡೇಟಾಬೇಸಿಗೆ ಯಾವಾಗ ಹೋಗಬೇಕು? ಕ್ಯೂಟಿನ ಡೇಟಾಬೇಸ್ ಮಾಡೆಲ್ ಮೂರು ಆಯ್ಕೆಗಳನ್ನು ಹೆಸರಿಟ್ಟೇ ಕೊಡುತ್ತದೆ: ಸೆಲ್ ಬದಲಾದ ಕೂಡಲೇ, ಸಾಲು ಬಿಟ್ಟಾಗ, ಅಥವಾ ಬಳಸುವವರು ಒಪ್ಪಿಗೆ ಕೊಟ್ಟಾಗ. ಹಣ ಮತ್ತು ಹಕ್ಕಿನ ವಿಷಯದಲ್ಲಿ ನನ್ನ ಮತ ಮೂರನೆಯದಕ್ಕೆ. ಖರಾಬು ಕಳೆದ ಕ್ಷೇತ್ರ, ಬೆಳೆ, ಸಾಲದ ಮೊತ್ತ ಒಂದಕ್ಕೊಂದು ಹೊಂದಿಕೆಯಾಗಿದ್ದರೆ ಮಾತ್ರ ಸಾಲು ಸರಿ. ಒಂದೊಂದೇ ಸೆಲ್ಲನ್ನು ಕಳಿಸುತ್ತ ಹೋದರೆ ಅರೆಬರೆ ಸಾಲು ಡೇಟಾಬೇಸಿನಲ್ಲಿ ಕೂರುತ್ತದೆ. ಒಪ್ಪಿಗೆಯ ತನಕ ಬದಲಾದ ಸೆಲ್ಲುಗಳನ್ನು ಬೇರೆ ಬಣ್ಣದಲ್ಲಿ ತೋರಿಸಿದರೆ, ತಾವು ಏನು ಬದಲಾಯಿಸಿದ್ದೇವೆ ಎಂದು ಗುಮಾಸ್ತರಿಗೂ ಒಮ್ಮೆ ಕಣ್ಣಾಡಿಸಲು ಸಿಗುತ್ತದೆ.

ಒಂದೇ ಕಚೇರಿಯಲ್ಲಿ ಇಬ್ಬರು ಒಂದೇ ಸಾಲನ್ನು ತೆರೆದಿದ್ದರೆ? ನಮ್ಮ ಸಣ್ಣ ತಂತ್ರಾಂಶಗಳಲ್ಲಿ ಬಹುತೇಕ ಎಲ್ಲವೂ ಕೊನೆಗೆ ಒತ್ತಿದವರದ್ದನ್ನೇ ಉಳಿಸಿ ಸುಮ್ಮನಾಗುತ್ತವೆ. ಪ್ರತಿ ಸಾಲಿಗೆ ಒಂದು ಆವೃತ್ತಿ ಸಂಖ್ಯೆ ಇಟ್ಟು, ಬರೆಯುವಾಗ 'ನಾನು ಓದಿದ ಆವೃತ್ತಿಯೇ ಇನ್ನೂ ಇದೆಯೇ' ಎಂದು ಕೇಳುವುದು ಹಳೆಯ, ಸರಳ, ಕೆಲಸ ಮಾಡುವ ಉಪಾಯ. ಆವೃತ್ತಿ ಬದಲಾಗಿದ್ದರೆ ತಂತ್ರಾಂಶ ತಾನೇ ತೀರ್ಮಾನಿಸಬಾರದು. ಮೊದಲು ಏನಿತ್ತು, ಪಕ್ಕದ ಮೇಜಿನವರು ಎಷ್ಟು ಗಂಟೆಗೆ ಏನು ಬರೆದರು, ಈಗ ನೀವು ಏನು ಬರೆಯುತ್ತಿದ್ದೀರಿ ಎಂಬ ಮೂರನ್ನೂ ಅಕ್ಕಪಕ್ಕದಲ್ಲಿ ತಿಳಿಗನ್ನಡದಲ್ಲಿ ತೋರಿಸಿ, ಯಾವುದು ಉಳಿಯಬೇಕೆಂದು ಕೇಳಬೇಕು. ಆರಿಸಿದವರ ಹೆಸರು, ಸಮಯ ಮತ್ತು ಬಿಟ್ಟುಕೊಟ್ಟ ಬೆಲೆ ಬದಲಾವಣೆಗಳ ಬೇರೊಂದು ಟೇಬಲ್ಲಿನಲ್ಲಿ ಸಾಲಾಗಿ ಸೇರಬೇಕು. ಆ ಟೇಬಲ್ಲನ್ನು ಯಾರು ಬೇಕಾದರೂ ತೆರೆದು ಓದಬಹುದು. ಅದರ ಸೆಲ್ಲುಗಳು ಮಾತ್ರ ಯಾರ ಕೈಗೂ ತಿದ್ದಲು ಸಿಗಬಾರದು.